ಬಳಸಿದ ಗಿಟಾರ್ ಎಫೆಕ್ಟ್ ಪೆಡಲ್‌ಗಳ ಖರೀದಿ

ಗಿಟಾರ್ ಎಫೆಕ್ಟ್ ಪೆಡಲ್ ಎಂಬುದು ವಿದ್ಯುತ್ ಗಿಟಾರ್ ಮತ್ತು ಆಂಪ್ಲಿಫೈಯರ್‌ಗಳ ನಡುವೆ ಜೋಡಿಸಿ, ಕಾಲಿನಿಂದ ಒತ್ತಿ ನಿಯಂತ್ರಿಸುವ, ಗಿಟಾರಿನ ನಾದವನ್ನು ಮಾರ್ಪಡಿಸುವ ಎಲೆಕ್ಟ್ರಾನಿಕ್ ಸಾಧನ. ಗಟ್ಟಿಯಾದ ಲೋಹದ ಕವಚವಿರುವ ಪೆಡಲ್‌ಗಳು ದಶಕಗಳ ಕಾಲ ಬಾಳುವುದರಿಂದ ಅವು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ನಂತಹ ಪಟ್ಟಣಗಳ ವಾದಕರು ದೂರದ ನಗರಗಳಿಂದ ಇವನ್ನು ಕೊರಿಯರ್ ಮೂಲಕ ತರಿಸಿಕೊಂಡಾಗ, ಹಣ ಕೊಡುವ ಮೊದಲು ನುಡಿಸಿ ನೋಡುವ ಅವಕಾಶವಿರುವುದಿಲ್ಲ. ಆದ್ದರಿಂದ ಪೆಡಲ್‌ನ ಪರೀಕ್ಷಾ ಕ್ರಮ ಮತ್ತು ಖರೀದಿದಾರನಿಗಿರುವ ಕಾನೂನಿನ ರಕ್ಷಣೆ ಎರಡೂ ಮುಖ್ಯವಾಗುತ್ತವೆ.

ಹಿನ್ನೆಲೆ

1962ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯು ಮಾರುಕಟ್ಟೆಗೆ ತಂದ ಮೇಸ್ಟ್ರೊ ಫಜ್-ಟೋನ್ ಟ್ರಾನ್ಸಿಸ್ಟರ್ ಬಳಸಿದ ಆರಂಭಿಕ ಪೆಡಲ್‌ಗಳಲ್ಲಿ ಪ್ರಸಿದ್ಧವಾದುದು. 1966ರಲ್ಲಿ ಇಂಗ್ಲೆಂಡಿನ ಫಜ್ ಫೇಸ್, 1969ರಲ್ಲಿ ಎಲೆಕ್ಟ್ರೊ-ಹಾರ್ಮೊನಿಕ್ಸ್ ಸಂಸ್ಥೆಯ ಬಿಗ್ ಮಫ್ ಬಂದವು. ಜಪಾನಿನ ಬಾಸ್ ಸಂಸ್ಥೆಯು 1977ರಲ್ಲಿ ಕಾಂಪ್ಯಾಕ್ಟ್ ಸರಣಿಯನ್ನು ಆರಂಭಿಸಿತು. ಈ ಸರಣಿಯ ಪೆಡಲ್‌ಗಳು ಮೊದಲು ಜಪಾನಿನಲ್ಲಿ, ಬಳಿಕ ತೈವಾನ್ ಮತ್ತು ಮಲೇಷ್ಯಾಗಳಲ್ಲಿ ತಯಾರಾದವು.

ಬೆಲೆ

1978ರಲ್ಲಿ ಬಂದ ಬಾಸ್ ಡಿಎಸ್-1ರಂತಹ, ಇಂದಿಗೂ ತಯಾರಾಗುತ್ತಿರುವ ಮಾದರಿಗಳಿಗೆ ಹೊಸದರ ಅಂಗಡಿ ಬೆಲೆಯೇ ಮೇಲಿನ ಮಿತಿ. ತಯಾರಿಕೆ ನಿಂತ ಮಾದರಿಗಳ ಬೆಲೆ ಅವುಗಳ ಅಪರೂಪತೆಯನ್ನು ಅವಲಂಬಿಸುತ್ತದೆ. ಹಳೆಯ ಅನಲಾಗ್ ಡಿಲೇ ಪೆಡಲ್‌ಗಳಲ್ಲಿದ್ದ ಎಂಎನ್3005ರಂತಹ ಚಿಪ್‌ಗಳನ್ನು ಮೂಲ ತಯಾರಕರು ಈಗ ತಯಾರಿಸುತ್ತಿಲ್ಲ. ಹೀಗಾಗಿ ಅಂಥ ಪೆಡಲ್ ಕೆಟ್ಟರೆ ದುರಸ್ತಿಯೂ ಕಷ್ಟ. ಮೂಲ ಪೆಟ್ಟಿಗೆ, ಕೈಪಿಡಿ ಮತ್ತು ರಸೀದಿ ಇದ್ದರೆ ಬೆಲೆ ಹೆಚ್ಚುತ್ತದೆ.

ಪರೀಕ್ಷಾ ಕ್ರಮ

ಮೊದಲು ಬ್ಯಾಟರಿ ಕೋಣೆಯನ್ನು ತೆರೆದು ನೋಡಬೇಕು. ಸೋರಿದ ಬ್ಯಾಟರಿಯಿಂದ ಸಂಪರ್ಕ ತಂತಿಗಳಿಗೆ ಹಸಿರು ಅಥವಾ ಬಿಳಿ ಕಿಲುಬು ಹತ್ತಿರುತ್ತದೆ. ಕೆಳಗಿನ ತಿರುಪುಗಳ ತಲೆ ಸವೆದಿದ್ದರೆ ಪೆಡಲ್ ಅನ್ನು ಹಿಂದೆ ಬಿಚ್ಚಿರುವ ಸಾಧ್ಯತೆ ಇದೆ.

ನಂತರ ಪೆಡಲ್ ಅನ್ನು ಗಿಟಾರ್‌ಗೆ ಜೋಡಿಸಿ ಪ್ರತಿ ಗುಂಡಿಯನ್ನೂ ನಿಧಾನವಾಗಿ ಪೂರ್ತಿ ತಿರುಗಿಸಬೇಕು. ಆಗ ಕೇಳುವ ಕರಕರ ಸದ್ದಿಗೆ ಸಾಮಾನ್ಯವಾಗಿ ಧೂಳು ಕಾರಣ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹಲವು ಬಾರಿ ನಿವಾರಣೆಯಾಗುತ್ತದೆ. ಕಾಲಿನ ಸ್ವಿಚ್ಚನ್ನು ಹತ್ತಾರು ಬಾರಿ ಒತ್ತಿ ನೋಡಬೇಕು. ಕೇಬಲ್ ಅಲುಗಾಡಿಸಿದಾಗ ಧ್ವನಿ ಕಡಿದುಹೋದರೆ ಜ್ಯಾಕ್ ಸಡಿಲವಾಗಿದೆ ಎಂದರ್ಥ. ಪೆಡಲ್ ಆಫ್ ಇರುವಾಗಲೂ ಗಿಟಾರಿನ ಧ್ವನಿ ಸ್ಪಷ್ಟವಾಗಿ ಹಾದುಹೋಗಬೇಕು.

ವಿದ್ಯುತ್ ಪೂರೈಕೆ

ಪೆಡಲ್‌ಗಳು ಕೆಡಲು ತಪ್ಪು ಅಡಾಪ್ಟರ್ ಒಂದು ಮುಖ್ಯ ಕಾರಣ. ಇಂದಿನ ಬಹುಪಾಲು ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ ಬೇಕು; ಪ್ಲಗ್‌ನ ನಡುಭಾಗ ಋಣಧ್ರುವವಾಗಿರುತ್ತದೆ. ಆದರೆ ಮನೆಯ ಅನೇಕ ಸಾಧನಗಳ ಅಡಾಪ್ಟರ್‌ಗಳಲ್ಲಿ ನಡುಭಾಗ ಧನಧ್ರುವವಾಗಿರುವುದರಿಂದ, ಪ್ಲಗ್ ಹೊಂದಿಕೊಂಡಿತೆಂದು ಜೋಡಿಸಿದರೆ ಪೆಡಲ್ ಸುಟ್ಟುಹೋಗಬಹುದು. ಜರ್ಮೇನಿಯಂ ಟ್ರಾನ್ಸಿಸ್ಟರ್‌ನ ಕೆಲವು ಫಜ್ ಪೆಡಲ್‌ಗಳ ವಿದ್ಯುತ್ ಜೋಡಣೆ ಇತರ ಪೆಡಲ್‌ಗಳಿಗೆ ತದ್ವಿರುದ್ಧವಾಗಿರುತ್ತದೆ. ಅವನ್ನು ಬೇರೆ ಪೆಡಲ್‌ಗಳೊಂದಿಗೆ ಒಂದೇ ಅಡಾಪ್ಟರಿಗೆ ಸೇರಿಸಬಾರದು. ಹಳೆಯ ಬಾಸ್ ಪೆಡಲ್ ಮೇಲೆ ‘ಎಸಿಎ’ ಎಂಬ ಗುರುತಿದ್ದರೆ, ಇಂದಿನ ಅಡಾಪ್ಟರಿನಲ್ಲಿ ಅದರ ದೀಪ ಮಂಕಾಗಿ ಕಾಣಬಹುದು. ಅಷ್ಟರಿಂದಲೇ ಪೆಡಲ್ ಕೆಟ್ಟಿದೆ ಎನ್ನಲಾಗದು.

ಬಸವಕಲ್ಯಾಣ ಮತ್ತು ಹುಮನಾಬಾದ್

ಹುಮನಾಬಾದ್ ಪಟ್ಟಣವು ಹೈದರಾಬಾದ್–ಸೊಲ್ಲಾಪುರ–ಪುಣೆ ರಾಷ್ಟ್ರೀಯ ಹೆದ್ದಾರಿ 65ರ ಮೇಲಿದೆ; ಬಸವಕಲ್ಯಾಣ ಅದೇ ಹೆದ್ದಾರಿಗೆ ಸಮೀಪದಲ್ಲಿದೆ. ಬೀದರ–ಕಲಬುರಗಿ ರೈಲು ಮಾರ್ಗವೂ ಹುಮನಾಬಾದ್ ಮೂಲಕ ಹಾದುಹೋಗುತ್ತದೆ. ಆದ್ದರಿಂದ ಇಲ್ಲಿನವರು ದುಬಾರಿ ಪೆಡಲ್ ಕೊಳ್ಳುವಾಗ ಹೈದರಾಬಾದ್ ಅಥವಾ ಸೊಲ್ಲಾಪುರಕ್ಕೆ ಸ್ವತಃ ಹೋಗಿ, ಗಿಟಾರ್‌ನೊಂದಿಗೆ ಪರೀಕ್ಷಿಸಿ ಬರುವುದು ಸಾಧ್ಯ. ಹೋಗಲಾಗದಿದ್ದರೆ, ಮಾರಾಟಗಾರನು ಪೆಡಲ್ ನುಡಿಸಿ ತೋರಿಸುವ, ಕ್ರಮಸಂಖ್ಯೆಯೂ ಕಾಣುವ, ನಡುವೆ ಕತ್ತರಿಸದ ವಿಡಿಯೊ ಕೇಳಬಹುದು. ಪಾರ್ಸೆಲ್ ತೆರೆಯುವುದನ್ನು ಚಿತ್ರೀಕರಿಸಿಕೊಂಡರೆ ಸಾಗಣೆಯಲ್ಲಿ ಆದ ಹಾನಿಗೆ ಪುರಾವೆ ಉಳಿಯುತ್ತದೆ.

ಕಾನೂನಿನ ರಕ್ಷಣೆ

1930ರ ಸರಕು ಮಾರಾಟ ಕಾಯ್ದೆಯ 14ನೇ ಕಲಮಿನಂತೆ ಮಾರಾಟಗಾರನಿಗೆ ಆ ವಸ್ತುವನ್ನು ಮಾರುವ ಹಕ್ಕಿರಬೇಕು. 15ನೇ ಕಲಮಿನಂತೆ, ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಿಕೆಯಾಗಬೇಕು. ಆದರೆ 16ನೇ ಕಲಮಿನ ಪ್ರಕಾರ, ವ್ಯಾಪಾರಿಯಲ್ಲದ ವ್ಯಕ್ತಿ ಮಾರಿದ ವಸ್ತುವಿನ ಗುಣಮಟ್ಟಕ್ಕೆ ಸಾಮಾನ್ಯವಾಗಿ ತಾನಾಗಿಯೇ ಖಾತರಿ ಇರುವುದಿಲ್ಲ. ಹೀಗಾಗಿ ಮಾದರಿ, ಸ್ಥಿತಿ, ದುರಸ್ತಿಯ ಇತಿಹಾಸ ಇವನ್ನು ಮಾರಾಟಗಾರನಿಂದ ಬರಹದಲ್ಲಿ ಪಡೆಯುವುದು ಖರೀದಿದಾರನ ಮುಖ್ಯ ಆಧಾರ.

ವ್ಯಾಪಾರಿಯಿಂದ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಮಾರಾಟಗಾರ ಬೇರೆ ರಾಜ್ಯದಲ್ಲಿದ್ದರೂ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗಕ್ಕೆ ದೂರು ಸಲ್ಲಿಸಬಹುದು. ಬಸವಕಲ್ಯಾಣ ಮತ್ತು ಹುಮನಾಬಾದ್‌ನವರಿಗೆ ಅದು ಬೀದರ ಜಿಲ್ಲಾ ಗ್ರಾಹಕ ಆಯೋಗ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳ ಅವಧಿ ಇದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಪೆಡಲ್ ಕೊಂಡ ವಾದಕರನ್ನೂ ಕಾಯ್ದೆಯು ಗ್ರಾಹಕರೆಂದು ಪರಿಗಣಿಸುತ್ತದೆ.

ಇವನ್ನೂ ನೋಡಿ

ವಿದ್ಯುತ್ ಗಿಟಾರ್
ಆಂಪ್ಲಿಫೈಯರ್
ಗ್ರಾಹಕ ಸಂರಕ್ಷಣಾ ಕಾಯ್ದೆ, 2019