ಮೊಡವೆ ಮುಲಾಮಿನ ಡಚ್ ಮೂಲ



ಡಚ್ ಭಾಷೆ ಕಲಿಯುವಾಗ ಕೆಲವು ಪದಗಳು ನಮ್ಮನ್ನು ಕೈಹಿಡಿದು ನಿಲ್ಲಿಸುತ್ತವೆ. ನನಗೆ ಹಾಗೆ ಸಿಕ್ಕಿದ್ದು ‘ಯೋಖ್ಟ್‌ಪೌಸ್ಟ್ಯಸ್’. ಉಚ್ಚರಿಸುವಷ್ಟರಲ್ಲಿ ಗಂಟಲು ಕೆರೆಯುತ್ತದೆ, ಆದರೆ ಅರ್ಥ ಸರಳ: ಯೌವನದ ಪುಟ್ಟ ಗುಳ್ಳೆಗಳು. ನಮ್ಮ ಆಯುರ್ವೇದದಲ್ಲಿ ಮೊಡವೆಗೆ ಇರುವ ಹೆಸರುಗಳಲ್ಲಿ ಒಂದು ‘ಯುವಾನ ಪಿಡಕಾ’. ಅಕ್ಷರಶಃ ಅದೇ ಅರ್ಥ! ಸುಶ್ರುತ ಸಂಹಿತೆ ಇದನ್ನು ‘ಕ್ಷುದ್ರ ರೋಗ’ಗಳ ಪಟ್ಟಿಗೆ ಸೇರಿಸಿ, ಬೂರುಗದ ಮರದ ಮುಳ್ಳಿಗೆ ಹೋಲಿಸುತ್ತದೆ. ಬೂರುಗದ ಕಾಂಡವನ್ನು ಹತ್ತಿರದಿಂದ ನೋಡಿದವರಿಗೆ ಈ ಹೋಲಿಕೆ ಎಷ್ಟು ಸರಿ ಎಂದು ಬೇರೆ ಹೇಳಬೇಕಿಲ್ಲ. ಕ್ಷುದ್ರ ಅಂದರೆ ಸಣ್ಣದು. ಆದರೆ ಹದಿನಾರರ ಹರೆಯದಲ್ಲಿ ಕನ್ನಡಿ ಮುಂದೆ ನಿಂತವರಿಗೆ ಅದಕ್ಕಿಂತ ದೊಡ್ಡ ರೋಗ ಇನ್ನೊಂದಿಲ್ಲ.

ಈಗ ಮೊಡವೆಗೆ ವೈದ್ಯರು ಬರೆದುಕೊಡುವ ಔಷಧಿಗಳಲ್ಲಿ ಟ್ರೆಟಿನಾಯಿನ್, ಅಡಾಪಲೀನ್ ಎಂಬ ಮುಲಾಮುಗಳು ಮುಖ್ಯವಾದವು. ಇವಕ್ಕೆ ಒಟ್ಟಾಗಿ ರೆಟಿನಾಯ್ಡ್ ಎಂದು ಹೆಸರು. ‘ಎ’ ಜೀವಸತ್ವದ ಮಕ್ಕಳು-ಮೊಮ್ಮಕ್ಕಳು ಅನ್ನಿ. ಈ ಮುಲಾಮಿನ ವಂಶವೃಕ್ಷ ಹುಡುಕುತ್ತ ಹೊರಟರೆ ಅದರ ಬೇರುಗಳು ನಮ್ಮ ಆಮರ್ಸ್‌ಫೋರ್ಟಿನಿಂದ ರೈಲಿನಲ್ಲಿ ಹೋಗಿ ಸಂಜೆಯೊಳಗೆ ಮರಳಬಹುದಾದ ಊರುಗಳಲ್ಲಿ ಸಿಗುತ್ತವೆ. ಬನ್ನಿ, ಒಂದು ಸುತ್ತು ಹಾಕಿ ಬರೋಣ.

ಮೊದಲ ನಿಲ್ದಾಣ ನೈಕೆರ್ಕ್, ಇಲ್ಲಿಂದ ಹತ್ತು-ಹನ್ನೆರಡು ನಿಮಿಷ. ಕ್ರಿಸ್ಟಿಯಾನ್ ಐಕ್‌ಮನ್ 1858ರಲ್ಲಿ ಹುಟ್ಟಿದ ಊರು. ಡಚ್ಚರ ಆಳ್ವಿಕೆಯಲ್ಲಿದ್ದ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದಾಗ, ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಬೀಳುವುದನ್ನೂ, ತೌಡಿರುವ ಅಕ್ಕಿ ತಿಂದರೆ ಅವು ಚೇತರಿಸಿಕೊಳ್ಳುವುದನ್ನೂ ಆತ ಗಮನಿಸಿದ. ಅದು ‘ಬಿ’ ಜೀವಸತ್ವದ ಕಥೆ. ಅನ್ನ ಉಣ್ಣುವ ನಮಗೆಲ್ಲ ಹತ್ತಿರದ್ದು. 1929ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ‘ಎ’ಗೂ ಇದಕ್ಕೂ ನೇರ ಸಂಬಂಧವಿಲ್ಲ. ಆದರೆ ರೋಗ ಬರುವುದು ಏನೋ ಒಳಹೊಕ್ಕಿದ್ದರಿಂದ ಮಾತ್ರವಲ್ಲ, ಏನೋ ಇಲ್ಲದಿರುವುದರಿಂದಲೂ ಬರಬಹುದು ಎಂಬ ಯೋಚನೆಗೆ ದಾರಿಯಾದದ್ದು ಇಂಥ ಪ್ರಯೋಗಗಳೇ.

ಎರಡನೆಯದು ಯೂಟ್ರೆಕ್ಟ್. ಅಲ್ಲಿನ ಪ್ರಾಧ್ಯಾಪಕ ಕಾರ್ನೆಲಿಸ್ ಪೇಕಲ್‌ಹಾರಿಂಗ್ (ಹೆಸರಿನ ಅರ್ಥ ಉಪ್ಪುನೀರಲ್ಲಿ ಹಾಕಿಟ್ಟ ಹೆರಿಂಗ್ ಮೀನು, ನಮ್ಮಲ್ಲೂ ಬೆಲ್ಲದ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳಿವೆಯಲ್ಲ!) 1905ರಲ್ಲಿ ಇಲಿಗಳ ಮೇಲಿನ ಒಂದು ಪ್ರಯೋಗವನ್ನು ವಿವರಿಸಿದ. ಶುದ್ಧೀಕರಿಸಿದ ಪ್ರೋಟೀನು, ಪಿಷ್ಟ, ಕೊಬ್ಬು, ಲವಣ ಎಲ್ಲ ಕೊಟ್ಟರೂ ಜೊತೆಗೆ ಬರೀ ನೀರು ಕುಡಿದ ಇಲಿಗಳು ಸತ್ತವು. ನೀರಿನ ಬದಲು ಹಾಲು ಕುಡಿದವು ಆರೋಗ್ಯವಾಗಿದ್ದವು. ಹಾಲಿನಲ್ಲಿ ಇನ್ನೂ ಯಾರಿಗೂ ತಿಳಿಯದ ಏನೋ ಒಂದು ಅತ್ಯಲ್ಪ ಪ್ರಮಾಣದಲ್ಲಿದೆ, ಅದಿಲ್ಲದೆ ಜೀವವಿಲ್ಲ ಎಂದು ಆತ ತೀರ್ಮಾನಿಸಿದ. ಇಷ್ಟೊಂದು ಮುಖ್ಯವಾದ ಮಾತನ್ನು ಬರೆದದ್ದು ಮಾತ್ರ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ, ಡಚ್ ಭಾಷೆಯಲ್ಲಿ. ಹೊರಗಿನ ಪ್ರಪಂಚ ಓದಲೇ ಇಲ್ಲ. ಜಗತ್ತಿಗೆ ಈ ಲೇಖನದ ಪರಿಚಯವಾಗುವಷ್ಟರಲ್ಲಿ ಜೀವಸತ್ವಗಳ ಕೀರ್ತಿ ಬೇರೆಯವರಿಗೆ ಸಂದಾಗಿತ್ತು. ಸಣ್ಣ ಭಾಷೆಯಲ್ಲಿ ಬರೆಯುವವರ ಕಷ್ಟ ನಮಗೆ ಗೊತ್ತಿಲ್ಲದ್ದೇ?

1913ರಲ್ಲಿ ಅಮೆರಿಕಾದ ವಿಸ್ಕಾನ್ಸಿನ್‌ನಲ್ಲಿ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್, ಬೆಣ್ಣೆಯಲ್ಲಿ ಮತ್ತು ಮೊಟ್ಟೆಯ ಹಳದಿಯಲ್ಲಿ ಬೆಳವಣಿಗೆಗೆ ಬೇಕಾದ ವಸ್ತುವೊಂದಿದೆ ಎಂದು ತೋರಿಸಿದರು. ಅದಕ್ಕೆ ‘ಎ’ ಎಂಬ ಅಕ್ಷರ ಅಂಟಿಕೊಂಡಿತು. ‘ಎ’ ಕೊರತೆಯಾದರೆ ಇರುಳುಗಣ್ಣು ಬರುತ್ತದೆ ಎಂಬುದನ್ನು ನಾವೆಲ್ಲ ಮಿಡ್ಲ್‌ಸ್ಕೂಲಿನಲ್ಲೇ ಉರು ಹೊಡೆದಿದ್ದೇವೆ: ಕ್ಯಾರೆಟ್, ಪಪ್ಪಾಯಿ, ನುಗ್ಗೆಸೊಪ್ಪು ತಿನ್ನಿ. ಶಾಲೆಯಲ್ಲಿ ಹೇಳಿಕೊಡದ ಇನ್ನೊಂದು ವಿಷಯವಿದೆ. 1925ರಲ್ಲಿ ವೋಲ್ಬಾಕ್ ಮತ್ತು ಹೋವ್ ಎಂಬ ಇಬ್ಬರು, ‘ಎ’ ಇಲ್ಲದ ಇಲಿಗಳಲ್ಲಿ ದೇಹದ ಒಳಪದರಗಳೆಲ್ಲ ಒಣಗಿ, ಗಟ್ಟಿಯಾಗಿ, ಕೊಂಬಿನಂಥ ವಸ್ತುವಾಗುವುದನ್ನು ಕಂಡರು. 1933ರಲ್ಲಿ ಲೂಸಿಯಸ್ ನಿಕೋಲ್ಸ್ ಎಂಬ ವೈದ್ಯ, ಪೌಷ್ಟಿಕ ಆಹಾರವಿಲ್ಲದವರ ಮೊಳಕೈ ಮೊಳಕಾಲಿನ ರೋಮಕೂಪಗಳು ಮುಚ್ಚಿ ಒರಟಾಗುವುದಕ್ಕೆ ‘ನೆಲಗಪ್ಪೆಯ ಚರ್ಮ’ ಎಂಬರ್ಥದ ಗ್ರೀಕ್ ಹೆಸರಿಟ್ಟ. (ಇದಕ್ಕೆ ಕೊಬ್ಬಿನಾಮ್ಲಗಳ ಕೊರತೆಯೂ ಕಾರಣವಿರಬಹುದೆಂದು ಆಮೇಲೆ ತಿಳಿಯಿತು.) ಹಾಗಾದರೆ ರೋಮಕೂಪ ಮುಚ್ಚಿಕೊಂಡೇ ಬರುವ ಮೊಡವೆಗೂ ‘ಎ’ ಮದ್ದಾಗಬಾರದೇಕೆ? 1940ರ ದಶಕದಲ್ಲಿ ಕೆಲವು ವೈದ್ಯರು ದಿನಕ್ಕೆ ಒಂದು ಲಕ್ಷ ಯೂನಿಟ್‌ನಷ್ಟು ‘ಎ’ ನುಂಗಿಸಿ ನೋಡಿದರು. ಆದರೆ ಅಷ್ಟು ಪ್ರಮಾಣ ತಿಂಗಳುಗಟ್ಟಲೆ ಒಳಹೋದರೆ ತಲೆನೋವು, ಯಕೃತ್ತಿಗೆ ಪೆಟ್ಟು. ಮೊಡವೆ ಓಡಿಸಲು ಹೋಗಿ ಮನುಷ್ಯನನ್ನೇ ಮಲಗಿಸಿದ ಹಾಗೆ.

ಮೂರನೆಯ ನಿಲ್ದಾಣಕ್ಕೆ ಯೂಟ್ರೆಕ್ಟ್, ಡೆನ್ ಬಾಸ್ ದಾಟಿ ಹೋಗಬೇಕು: ಓಸ್ ಎಂಬ ಪಟ್ಟಣ. ಮಾಂಸದ ಕಾರ್ಖಾನೆಗೆ ಹೆಸರಾಗಿದ್ದ ಊರು. ಕಸಾಯಿಖಾನೆಯಲ್ಲಿ ಉಳಿಯುವ ಮೇದೋಜೀರಕ ಗ್ರಂಥಿಗಳಿಂದ ಇನ್ಸುಲಿನ್ ತೆಗೆಯಲೆಂದು 1923ರಲ್ಲಿ ಅಲ್ಲಿ ಹುಟ್ಟಿಕೊಂಡ ಕಂಪನಿ ಆರ್ಗನಾನ್. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಲ್ಲಿನ ಆರೆನ್ಸ್ ಮತ್ತು ಫಾನ್ ಡೋರ್ಪ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ‘ಎ’ ಜೀವಸತ್ವದ ಆಮ್ಲರೂಪವನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇವರು ಪೇಕಲ್‌ಹಾರಿಂಗ್ ಹಾಗೆ ಮಾಡಲಿಲ್ಲ, ಇಂಗ್ಲಿಷಿನಲ್ಲಿ ಬರೆದು ‘ನೇಚರ್’ ಪತ್ರಿಕೆಗೆ ಕಳಿಸಿದರು. ಈ ಆಮ್ಲವೇ ಇಂದಿನ ಟ್ರೆಟಿನಾಯಿನ್! ಮೊಡವೆಯ ಯೋಚನೆ ಅವರ ತಲೆಯಲ್ಲಿರಲಿಲ್ಲ. ಇಲಿಗಳ ಬೆಳವಣಿಗೆಗೆ ಇದು ‘ಎ’ಯ ಬದಲಿಗೆ ಒದಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಒದಗಿತು. 1960ರಲ್ಲಿ ಡೌಲಿಂಗ್ ಮತ್ತು ವಾಲ್ಡ್ ಇನ್ನೊಂದು ವಿಚಿತ್ರ ತೋರಿಸಿದರು. ಬರೀ ಈ ಆಮ್ಲ ತಿಂದ ಇಲಿಗಳು ದುಂಡಗೆ ಬೆಳೆದವು, ಆದರೆ ಕುರುಡಾದವು. ಕಣ್ಣಿಗೆ ಬೇಕಾದ ‘ಎ’ ಬೇರೆ, ಚರ್ಮಕ್ಕೆ ಬೇಕಾದ ‘ಎ’ ಬೇರೆ. ಅಂದ ಹಾಗೆ ಆರೆನ್ಸ್ ಮುಂದೆ ಯೂಟ್ರೆಕ್ಟ್‌ನಲ್ಲೇ ಪ್ರಾಧ್ಯಾಪಕರಾದರು.

ಆಮ್ಲವನ್ನು ನುಂಗುವ ಬದಲು ಚರ್ಮಕ್ಕೆ ಹಚ್ಚಿದರೆ? ಜರ್ಮನಿಯ ಗುಂಟರ್ ಸ್ಟುಟ್‌ಗೆನ್ 1962ರಲ್ಲಿ ಚರ್ಮ ದಪ್ಪಗಟ್ಟುವ ರೋಗಗಳಿಗೆ ಹಚ್ಚಿ ನೋಡಿದ. ಗುಣವೇನೋ ಕಂಡಿತು, ಆದರೆ ಉರಿ, ಕೆಂಪು, ಸಿಪ್ಪೆ. ಆ ಉರಿಯನ್ನು ಸಹಿಸಿಕೊಂಡು ಮುಂದೆ ಹೋದರೆ ಮೊಡವೆ ಕಡಿಮೆಯಾಗುತ್ತದೆ ಎಂದು ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್, ಫುಲ್ಟನ್ ಮತ್ತು ಪ್ಲೆವಿಗ್ 1969ರಲ್ಲಿ ಪ್ರಕಟಿಸಿದರು. 1971ರಲ್ಲಿ ಅಮೆರಿಕಾ ಸರ್ಕಾರದ ಒಪ್ಪಿಗೆ ಸಿಕ್ಕಿ, ರೆಟಿನ್-ಎ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಲಿಗ್‌ಮನ್ ತನ್ನ ಪ್ರಯೋಗಗಳನ್ನು ನಡೆಸುತ್ತಿದ್ದ ಮುಖ್ಯ ಜಾಗಗಳಲ್ಲಿ ಒಂದು ಹೋಮ್ಸ್‌ಬರ್ಗ್ ಎಂಬ ಜೈಲು. 1951ರಿಂದ 1974ರವರೆಗೆ ಅಲ್ಲಿನ ಕೈದಿಗಳ ಬೆನ್ನು, ತೋಳು, ಮುಖಗಳ ಮೇಲೆ ಸೋಪು, ಪೌಡರುಗಳಿಂದ ಹಿಡಿದು ಡಯಾಕ್ಸಿನ್‌ನಂಥ ವಿಷದವರೆಗೆ ಹಚ್ಚಿ ನೋಡಿದರು. ರೆಟಿನ್-ಎ ಕೂಡ ಆ ಜೈಲಿನ ಗೋಡೆಗಳ ನಡುವೆ ಹಾದು ಬಂದ ಔಷಧಿ. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಅನೇಕರು ವಿಚಾರಣೆಗೆ ಕಾಯುತ್ತಿದ್ದವರು, ಜಾಮೀನಿಗೆ ಕಾಸಿಲ್ಲದವರು. ಅವರಿಗೆ ಸಿಗುತ್ತಿದ್ದದ್ದು ಕೆಲವು ಡಾಲರು. ಹಚ್ಚುತ್ತಿರುವುದು ಏನೆಂದು ತಿಳಿಹೇಳುವ ಪದ್ಧತಿಯೇ ಇರಲಿಲ್ಲ. ಜೈಲಿಗೆ ಮೊದಲ ಸಲ ಹೋದಾಗ ತನಗೆ ಕಂಡದ್ದು ಎಕರೆಗಟ್ಟಲೆ ಚರ್ಮ ಎಂದು ಆತ ಪತ್ರಕರ್ತರೊಬ್ಬರಿಗೆ ಹೇಳಿದ್ದ. 1998ರಲ್ಲಿ ಅಲೆನ್ ಹಾರ್ನ್‌ಬ್ಲಮ್ ಆ ಮಾತನ್ನೇ ಹೆಸರಾಗಿಟ್ಟು ಪುಸ್ತಕ ಬರೆದರು. 2000ದಲ್ಲಿ ಸುಮಾರು 300 ಮಾಜಿ ಕೈದಿಗಳು ಹೂಡಿದ ದಾವೆ, ಅವಧಿ ಮೀರಿತೆಂಬ ಕಾರಣಕ್ಕೆ ಬಿದ್ದುಹೋಯಿತು. ಕ್ಲಿಗ್‌ಮನ್ 2010ರಲ್ಲಿ ತೀರಿಕೊಂಡರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಬೀಟಾ ಟೆಸ್ಟಿಂಗ್ ಮಾಡುವವರಿಗೆ ಬೇಡವೆನ್ನುವ ಹಕ್ಕಾದರೂ ಇರುತ್ತದೆ. ಬಟಾಣಿ ಕಾಳಿನಷ್ಟು ಮುಲಾಮು ಬೆರಳ ತುದಿಗೆ ತೆಗೆದುಕೊಳ್ಳುವಾಗ, ಅದು ನಮ್ಮ ಕೈಗೆ ಬರುವ ಮೊದಲು ಯಾರ ಬೆನ್ನ ಮೇಲಿತ್ತು ಎಂಬುದು ತಿಳಿದಿರಲಿ.

ಈಗ ಮುಲಾಮು ಮಾಡುವುದೇನು ಅಂತ ನೋಡೋಣ. ರೋಮಕೂಪದೊಳಗೆ ಸತ್ತ ಜೀವಕೋಶಗಳು ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ. ಹಿಂದೆ ಜಿಡ್ಡು ತುಂಬಿಕೊಳ್ಳುತ್ತದೆ. ಅಲ್ಲಿ ಬ್ಯಾಕ್ಟೀರಿಯಾ, ಉರಿಯೂತ. ರೆಟಿನಾಯ್ಡ್ ಆ ಬಿರಡೆ ಕಟ್ಟದಂತೆ ನೋಡಿಕೊಳ್ಳುತ್ತದೆ. ಇಂದು ಮುಖದ ಮೇಲೆ ಕಾಣುವ ಮೊಡವೆ ಒಳಗೆ ಶುರುವಾಗಿ ಎಷ್ಟೋ ವಾರಗಳಾಗಿರುತ್ತವೆ. ಆದ್ದರಿಂದ ಇಂದು ಹಚ್ಚಿದ ಮುಲಾಮಿನ ಫಲ ಕಾಣುವುದು ಎಂಟರಿಂದ ಹನ್ನೆರಡು ವಾರಗಳ ನಂತರ. ಅದಕ್ಕೂ ಮೊದಲು, ಎರಡು-ಮೂರನೇ ವಾರದಲ್ಲಿ, ಅನೇಕರಿಗೆ ಮುಖ ಸಿಪ್ಪೆ ಸುಲಿದು, ಕೆಂಪಾಗಿ, ಇನ್ನಷ್ಟು ಮೊಡವೆಗಳೂ ಏಳುತ್ತವೆ. ಔಷಧಿಯನ್ನು ಅರ್ಧಕ್ಕೇ ಬಿಡುವುದು ಇದೇ ಹಂತದಲ್ಲಿ.

ನಮ್ಮ ಮನೆಯಲ್ಲೂ ಇದೇ ಆಯಿತು. ಹೌಸ್‌ಆರ್ಟ್ಸ್, ಅಂದರೆ ಇಲ್ಲಿನ ಕುಟುಂಬ ವೈದ್ಯರು, ಹದಿನಾರು ವರ್ಷದ ಮಗನಿಗೆ ಅಡಾಪಲೀನ್ ಬರೆದುಕೊಟ್ಟಿದ್ದರು. ಮೂರನೇ ವಾರ ಹಾಸನದಿಂದ ವೀಡಿಯೋ ಕಾಲ್‌ನಲ್ಲಿ ಅಜ್ಜಿ, “ಏನೋ ಪುಟ್ಟ, ಮುಖವೆಲ್ಲ ಸುಟ್ಟ ಹಾಗಾಗಿದೆ! ಆ ಹಾಳು ಮುಲಾಮು ಬಿಸಾಕು, ಕಡಲೆಹಿಟ್ಟು ಅರಿಶಿನ ಹಚ್ಚೋ” ಎಂದರು. ಅವನು “ಅಜ್ಜಿ, ಇನ್ನೂ ಒಂಬತ್ತು ವಾರ ಇದೆ” ಎಂದ. ದಿನ ಬಿಟ್ಟು ದಿನ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಬಳಿದು, ಹೇಗೋ ದಾಟಿದ. ಪರಿಚಯದ ಹುಡುಗಿಯೊಬ್ಬಳು ಇಲ್ಲಿನ ಚಳಿಗಾಲದ ಒಣಗಾಳಿಯಲ್ಲಿ ಶುರುಮಾಡಿ, ತುಟಿಯಂಚು ಬಿರಿದು, ನಾಲ್ಕನೇ ವಾರ ಬಿಟ್ಟೇಬಿಟ್ಟಳು. ನಮ್ಮ ಚರ್ಮಕ್ಕೆ ಇನ್ನೊಂದು ತಾಪತ್ರಯವಿದೆ. ಮೊಡವೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮುಲಾಮಿನ ಉರಿ ಅತಿಯಾದರೆ ಅದೂ ಕಲೆಯಾಗುತ್ತದೆ. ಡಚ್ ವೈದ್ಯರು ಮೊಡವೆ ಎಣಿಸಿದರೆ ನಮ್ಮ ತಾಯಂದಿರು ಕಲೆ ಎಣಿಸುತ್ತಾರೆ. ಇಬ್ಬರೂ ಒಂದೇ ಮುಖವನ್ನು ನೋಡುತ್ತಿರುತ್ತಾರೆ, ನೋಟ ಮಾತ್ರ ಬೇರೆ.

ಈ ಕಲೆಯ ಭಯದಿಂದಲೇ ಕಥೆಗೆ ಇನ್ನೊಂದು ತಿರುವು. 1975ರಲ್ಲಿ ಅದೇ ಕ್ಲಿಗ್‌ಮನ್, ವಿಲ್ಲಿಸ್ ಎಂಬುವರ ಜೊತೆ ಸೇರಿ, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್ ಬೆರೆಸಿ ಕಪ್ಪು ಕಲೆಗೆ ಮದ್ದು ಮಾಡಿದರು. ವೈದ್ಯರ ಕಣ್ಣಳತೆಯಲ್ಲಿ, ಕೆಲವು ವಾರಗಳ ಮಟ್ಟಿಗೆ ಸರಿ. ಆದರೆ ಈ ಮೂರರ ಮಿಶ್ರಣಗಳು ನಮ್ಮ ದೇಶದಲ್ಲಿ ಚೀಟಿಯಿಲ್ಲದೆ ಅಂಗಡಿಗಳಲ್ಲಿ ಸಿಗತೊಡಗಿ, ಬೆಳ್ಳಗಾಗುವ ಕ್ರೀಮುಗಳೆಂದೇ ಮನೆಮಾತಾದವು. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದ ಮುಖದ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕಾಣುತ್ತವೆ, ನಿಲ್ಲಿಸಿದೊಡನೆ ಉರಿ ಕೆಂಡವಾಗುತ್ತದೆ, ಹೊಸ ಮೊಡವೆಗಳೇ ಏಳುತ್ತವೆ. ಭಾರತದ ಚರ್ಮವೈದ್ಯರು ವರ್ಷಗಟ್ಟಲೆ ಕೂಗಿಕೊಂಡ ಮೇಲೆ 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಹಚ್ಚುವ ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ ಚೀಟಿ ಕಡ್ಡಾಯ ಮಾಡಿತು. ಆದರೂ ರಜೆ ಮುಗಿಸಿ ಬರುವ ನಮ್ಮ ಸೂಟ್‌ಕೇಸುಗಳಲ್ಲಿ ಹುಳಿಪುಡಿ, ಚಟ್ನಿಪುಡಿಗಳ ನಡುವೆ ಇಂಥ ಟ್ಯೂಬುಗಳು ಇರುವುದನ್ನು ನಾನೇ ಕಂಡಿದ್ದೇನೆ. “ಅದೇ ರೆಟಿನ್ ಕಣ್ರೀ, ಇಲ್ಲಿ ಡಾಕ್ಟರ್ ಹತ್ರ ಹೋಗಿ ಕಾಯೋ ಗೋಳು ಯಾಕೆ” ಎನ್ನುತ್ತಾರೆ. ಅದೇ ಅಲ್ಲ. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದಿ: ಮೊಮೆಟಸೋನ್, ಫ್ಲುಸಿನೊಲೋನ್, ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್.

ಮುಂದಿನ ಕಥೆ ಬೇಗ ಹೇಳುತ್ತೇನೆ. 1987ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಮತ್ತು ಕ್ಯಾಲಿಫೋರ್ನಿಯಾದ ಎರಡು ತಂಡಗಳು ಜೀವಕೋಶದೊಳಗೆ ಈ ಆಮ್ಲ ಹೋಗಿ ಕೂರುವ ಗ್ರಾಹಕವನ್ನು ಪತ್ತೆಹಚ್ಚಿದವು. ಕೀಲಿಕೈ ಮೊದಲೇ ಇತ್ತು, ಬೀಗ ಆಮೇಲೆ ಸಿಕ್ಕಿತು. ಆ ಬೀಗಕ್ಕೆ ಹೊಂದುವ, ಉರಿ ಕಡಿಮೆಯಿರುವ ಅಡಾಪಲೀನ್ 1996ರಲ್ಲಿ ಅಮೆರಿಕಾದಲ್ಲಿ ಒಪ್ಪಿಗೆ ಪಡೆಯಿತು. 2016ರಿಂದ ಅಲ್ಲಿ ಅದು ಚೀಟಿಯಿಲ್ಲದೆ ಸಿಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಚೀಟಿ ಬೇಕೇ ಬೇಕು. ಇನ್ನು ಮೂಲ ಆಮ್ಲದ ಗುಳಿಗೆ? ಶಾಂಘೈಯ ವೈದ್ಯ ವಾಂಗ್ ಝೆನ್‌ಯಿ ತಂಡ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಅದನ್ನು ಕೊಟ್ಟು, 24 ರೋಗಿಗಳಲ್ಲಿ ಕಂಡ ಗುಣವನ್ನು 1988ರಲ್ಲಿ ಪ್ರಕಟಿಸಿತು. ತೀರಾ ಮಾರಕವೆನಿಸಿದ್ದ ಆ ಕಾಯಿಲೆ ಇಂದು ಬಹುಪಾಲು ವಾಸಿಯಾಗುವಂಥದ್ದು. ಓಸ್ ಪಟ್ಟಣದಲ್ಲಿ ಇಲಿಗಳಿಗೆಂದು ಮಾಡಿದ ವಸ್ತು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ!

ಮುಲಾಮಿನ ಡಬ್ಬಿಯೊಳಗೆ ಮಡಿಚಿಟ್ಟ ಚೀಟಿಯಲ್ಲಿ ಎಲ್ಲವನ್ನೂ ಬರೆದಿರುತ್ತಾರೆ: ರಾತ್ರಿ ಹಚ್ಚಿ, ಮುಖ ಒಣಗಿದ ಮೇಲೆ ಹಚ್ಚಿ, ಬಿಸಿಲಿಗೆ ಜೋಪಾನ, ಗರ್ಭಿಣಿಯರಿಗೆ ಮತ್ತು ಗರ್ಭ ಧರಿಸುವ ಯೋಚನೆಯಲ್ಲಿರುವವರಿಗೆ ಬೇಡವೇ ಬೇಡ. ಇಲ್ಲಿ ಕೊಂಡ ಡಬ್ಬಿಯಲ್ಲಿ ಅದು ಡಚ್‌ನಲ್ಲಿ, ಊರಿನಲ್ಲಿ ಕೊಂಡದ್ದರಲ್ಲಿ ಇಂಗ್ಲಿಷಿನಲ್ಲಿ. ಹಾಸನದ ಅಜ್ಜಿಗೆ, ಅವರ ಪಕ್ಕದ ಮನೆಯಲ್ಲಿ ಟ್ಯೂಬು ಹಿಡಿದು ಕೂತ ಹುಡುಗಿಗೆ ಎರಡೂ ಒಂದೇ. ಪೇಕಲ್‌ಹಾರಿಂಗ್ ತನ್ನ ಭಾಷೆಯಲ್ಲಿ ಬರೆದು ಹೊರಗಿನವರ ಗಮನಕ್ಕೆ ಬಾರದೆ ಹೋದ, ನಿಜ. ಆದರೆ ಯೂಟ್ರೆಕ್ಟಿನ ಪಕ್ಕದ ಹಳ್ಳಿಯ ವೈದ್ಯನಿಗೆ ಆ ಲೇಖನ ಓದಲು ಬರುತ್ತಿತ್ತಲ್ಲ? ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಮೂರನೇ ವಾರ ಹೀಗಾಗುತ್ತದೆ, ಸ್ಟೀರಾಯ್ಡ್ ಇರುವುದು ಬೇಡ ಎಂಬ ಎರಡು ಮಾತನ್ನು ನಾವೇ ಕನ್ನಡದಲ್ಲಿ ಹೇಳೋಣ.

ಏನಂತೀರಿ?