ಮಾರ್ಪಡಿಸಿದ ವಾಹನ ಮತ್ತು ಅಂಗವಿಕಲರ ಚಾಲನಾ ಪರವಾನಗಿ

ದೈಹಿಕ ನ್ಯೂನತೆ ಇರುವವರ ಬಳಕೆಗೆಂದೇ ತಯಾರಿಸಿದ ಇಲ್ಲವೇ ಬದಲಾಯಿಸಿಕೊಂಡ ಮೋಟಾರು ವಾಹನಕ್ಕೆ ಮಾರ್ಪಡಿಸಿದ ವಾಹನ ಎಂದು ಹೆಸರು. ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವುದು ಹಿಂದಿನ ಚಕ್ರದ ಎಡಬಲಕ್ಕೆ ಒಂದೊಂದು ಚಕ್ರ ಕೂಡಿಸಿದ ಸ್ಕೂಟರ್. ಸರ್ಕಾರದ ಯೋಜನೆಯಲ್ಲಿ ಅದು ‘ಯಂತ್ರಚಾಲಿತ ದ್ವಿಚಕ್ರ ವಾಹನ’, ವಿತರಣೆಯ ಸುದ್ದಿಗಳಲ್ಲಿ ‘ತ್ರಿಚಕ್ರ ವಾಹನ’. ಎಣಿಸಿದರೆ ಚಕ್ರ ನಾಲ್ಕು.

ಕಾನೂನಿನ ಗೊಂದಲ ಇದಕ್ಕಿಂತ ಹಳೆಯದು. ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆ ‘ಇನ್ವ್ಯಾಲಿಡ್ ಕ್ಯಾರೇಜ್’ಗೆ, ಅಂದರೆ ಅಶಕ್ತರ ಗಾಡಿಗೆ, ಒಂದು ಷರತ್ತು ಹಾಕಿತ್ತು: ಗಾಡಿಯನ್ನು ವಿಶೇಷವಾಗಿ ವಿನ್ಯಾಸ ಮಾಡಿ ಕಟ್ಟಿರಬೇಕು, ಬರಿದೇ ಮಾರ್ಪಡಿಸಿದ್ದಾಗಿರಬಾರದು. ಅಲ್ಲಿ ಅಂಥ ಗಾಡಿಗಳಿದ್ದವು. ಎರಡನೆಯ ಮಹಾಯುದ್ಧದ ಬಳಿಕ ಬಂದ ಒಂಟಿ ಸೀಟಿನ ‘ಇನ್ವಾಕಾರ್’ 2003ರಲ್ಲಿ ರಸ್ತೆಯಿಂದ ನಿಷೇಧವಾಗುವವರೆಗೂ ಓಡಿತು. ಭಾರತದ 1939ರ ಮೋಟಾರು ವಾಹನ ಕಾಯ್ದೆ ಆ ಮಾತನ್ನು ಹಾಗೆಯೇ ಎತ್ತಿಕೊಂಡಿತು, 1988ರದು ಉಳಿಸಿಕೊಂಡಿತು. ಷರತ್ತು ಬಂತು, ಗಾಡಿ ಬರಲಿಲ್ಲ. ಇಲ್ಲಿಯವರ ಕೈಗೆ ಸಿಕ್ಕಿದ್ದು ಗ್ಯಾರೇಜಿನಲ್ಲಿ ಮಾರ್ಪಡಿಸಿದ ಸ್ಕೂಟರ್, ಅಂದರೆ ವ್ಯಾಖ್ಯೆ ಹೊರಗಿಟ್ಟದ್ದೇ. ಆದರೂ ಪರವಾನಗಿ ಸಿಗುತ್ತಿದ್ದುದು ಆ ವರ್ಗದಲ್ಲೇ. ಇಂಗ್ಲಿಷಿನಲ್ಲಿ ‘ಇನ್ವ್ಯಾಲಿಡ್’ನದೇ ಕಾಗುಣಿತದ ಪದಕ್ಕೆ ‘ಅಸಿಂಧು’ ಎಂಬ ಅರ್ಥವೂ ಇರುವುದರಿಂದ ಲೈಸೆನ್ಸನ್ನು ಓದಿದವರಿಗೆ ಅನುಮಾನ ಬಂದರೆ ಆಶ್ಚರ್ಯವಿಲ್ಲ.

ಕಾನೂನಿನ ಯಾವ ತಿದ್ದುಪಡಿಗಿಂತಲೂ ಮೊದಲೇ ತಿರುವು ತಂದದ್ದು 1984ರಲ್ಲಿ ಬಂದ, ಗೇರಿಲ್ಲದ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಕೈನೆಟಿಕ್ ಹೋಂಡಾ ಸ್ಕೂಟರ್. ಕಿಕ್ ಹೊಡೆಯಲಾಗದವರಿಗೆ ಅದರಿಂದ ಅನುಕೂಲವಾಯಿತು. ಕಾರಿನಲ್ಲಿ ಕ್ಲಚ್‌ನ ತೊಡಕನ್ನು ಕಡಿಮೆ ಬೆಲೆಗೆ ನೀಗಿದ್ದು 2014ರ ಮಾರುತಿ ಸೆಲೆರಿಯೊದ ಸ್ವಯಂಚಾಲಿತ ಗೇರ್. ಕಾನೂನಿನ ಕಡೆಯಿಂದ ಕಿವುಡರ ಪರವಾನಗಿಗೆ ದಾರಿ ತೆರೆದದ್ದು ದೆಹಲಿ ಹೈಕೋರ್ಟಿನ 2011ರ ತೀರ್ಪು.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ‘ಇನ್ವ್ಯಾಲಿಡ್ ಕ್ಯಾರೇಜ್’ ಎಂಬ ಹಳೆಯ ಹೆಸರನ್ನು ಕಿತ್ತುಹಾಕಿ ‘ಮಾರ್ಪಡಿಸಿದ ವಾಹನ’ ಎಂಬ ವರ್ಗ ತಂದಿತು. ಸುಮಾರು ತೊಂಬತ್ತು ವರ್ಷ ಕಾನೂನು ಬೇಡವೆಂದ ‘ಮಾರ್ಪಡಿಸಿದ’ ಎಂಬ ಪದವೇ ಶೀರ್ಷಿಕೆಯಾಯಿತು. 52ನೇ ಕಲಮಿನಂತೆ ಮಾಲೀಕರು ಮೊದಲು ಬದಲಾವಣೆ ಮಾಡಿಸಿ ಆಮೇಲೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆಯಬಹುದು. 2020ರ ಅಕ್ಟೋಬರಿನಲ್ಲಿ ನೋಂದಣಿ ಅರ್ಜಿಯ ಮಾಲೀಕತ್ವದ ಬಗೆಗಳಲ್ಲಿ ‘ದಿವ್ಯಾಂಗಜನ’ (ಅಂಗವಿಕಲರು) ಎಂಬುದೂ ಸೇರಿತು.

ಈ ಕಾನೂನು ಊರಿನಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ: ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳು ಕೂಡುವ ಪುಂಜಾಲಕಟ್ಟೆಯ ಕಡೆಯವರಿಗೆ ಮಂಗಳೂರಿನ ಕೆಎ-19, ಪುತ್ತೂರಿನ ಕೆಎ-21 ಸಾರಿಗೆ ಕಚೇರಿಗಳಿಗಿಂತ ಬಂಟ್ವಾಳದ ಕೆಎ-70 ಹತ್ತಿರ. ಹತ್ತಿರವಾದರೂ ಪರೀಕ್ಷೆ ನಡೆಯುವುದು ಅರ್ಜಿಯಲ್ಲಿ ಕೇಳಿದ ಬಗೆಯ ವಾಹನದಲ್ಲೇ. ಡ್ರೈವಿಂಗ್ ಸ್ಕೂಲಿನ ಮಾಮೂಲಿ ಕಾರು ನಡೆಯದು. ಹೀಗಾಗಿ ಎಷ್ಟೋ ಮಂದಿ ಲೈಸೆನ್ಸಿಗೆ ಮೊದಲೇ ಗಾಡಿ ಕೊಳ್ಳಬೇಕಾಗುತ್ತದೆ. ಕೊಂಡ ಮೇಲೆ ರಸ್ತೆಯ ಸವಾಲು: ಬಿ.ಸಿ.ರೋಡ್‌ನಿಂದ ಪುಂಜಾಲಕಟ್ಟೆವರೆಗೆ ರಾಷ್ಟ್ರೀಯ ಹೆದ್ದಾರಿ 73 ಅಗಲವಾಗಿದೆ, ಒಳದಾರಿಗಳು ಇಕ್ಕಟ್ಟಾಗಿಯೇ ಇವೆ. ಪಕ್ಕದ ಚಕ್ರವಿರುವ ಸ್ಕೂಟರ್ ತಿರುವಿನಲ್ಲಿ ವಾಲದು, ವೇಗ ತಗ್ಗಿಸಲೇಬೇಕು. ಮಳೆಗಾಲದಲ್ಲಿ ಎರಡು ಪಕ್ಕದ ಚಕ್ರಗಳು ದಿಣ್ಣೆಯ ಮೇಲೆ ನಿಂತು ನಡುವಿನದು ಗುಂಡಿಯ ಮೇಲೆ ಬಂದರೆ, ಎಂಜಿನ್ ತಿರುಗಿಸುವ ಆ ಚಕ್ರ ನೆಲಕ್ಕೆ ತಾಗದೆ ಗಾಳಿಯಲ್ಲೇ ಸುತ್ತುತ್ತದೆ.