ಎಕ್ಸ್-ರೇ ಟೊಮೋಗ್ರಫಿ ಮತ್ತು ದತ್ತಾಂಶ ವಿಶ್ಲೇಷಣೆಯಲ್ಲಿ ಸಂಶೋಧನಾ ವೃತ್ತಿ: ಕಲಬುರಗಿ ನಗರ ಹಾಗೂ ಕಮಲಾಪುರ ತಾಲೂಕಿನ ಅಭ್ಯರ್ಥಿಗಳ ಮಾಹಿತಿಗಾಗಿ

ವಿಷಯ ಪರಿಚಯ

ಸಿ.ಟಿ. ಸ್ಕ್ಯಾನ್ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ಪರಿಚಿತವಾಗಿರುವ ಪರೀಕ್ಷೆಯು ಎಕ್ಸ್-ರೇ ಟೊಮೋಗ್ರಫಿ ಎಂಬ ವಿಜ್ಞಾನ ಶಾಖೆಯ ಒಂದು ಉಪಯೋಗ ಮಾತ್ರವಾಗಿರುತ್ತದೆ. 1895ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್ಜನ್ ಅವರು ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ದೇಹದ ಮುಂದಿನ ಹಾಗೂ ಹಿಂದಿನ ಭಾಗಗಳ ನೆರಳುಗಳು ಒಂದರ ಮೇಲೊಂದು ಬೀಳುವುದರಿಂದ ಯಾವುದು ಎಷ್ಟು ಆಳದಲ್ಲಿದೆ ಎಂಬುದು ತಿಳಿಯುವುದಿಲ್ಲ. ಟೊಮೋಗ್ರಫಿಯಲ್ಲಿ ಒಂದೇ ವಸ್ತುವಿನ ನೆರಳನ್ನು ಸುತ್ತಲಿನ ನೂರಾರು ಕೋನಗಳಿಂದ ಅಳೆದು, ಆ ಅಳತೆಗಳಿಂದ ಒಳಗಿನ ಅಡ್ಡಸೀಳಿಕೆಗಳನ್ನು ಗಣಕಯಂತ್ರದ ಮೂಲಕ ಲೆಕ್ಕ ಹಾಕಿ ಪಡೆಯಲಾಗುತ್ತದೆ. ಬಾಳೆಹಣ್ಣನ್ನು ಚಾಕುವಿನಿಂದ ಹೆಚ್ಚದೆಯೇ ಅದರ ಪ್ರತಿಯೊಂದು ಬಿಲ್ಲೆಯನ್ನು ನೋಡಿದಂತೆ ಎಂದು ಹೇಳಬಹುದು.

ಇದರಲ್ಲಿ ಯಂತ್ರದಷ್ಟೇ ಲೆಕ್ಕವೂ ಮುಖ್ಯ. ಆದುದರಿಂದ ಈ ಕ್ಷೇತ್ರಕ್ಕೆ ವೈದ್ಯಕೀಯ ಪದವೀಧರರು ಮಾತ್ರ ಅರ್ಹರು ಎಂಬ ತಿಳುವಳಿಕೆ ಸರಿಯಲ್ಲ. ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಮತ್ತು ಗಣಕ ವಿಜ್ಞಾನ ಓದಿದವರು ಇದರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ತೊಡಗಿದ್ದಾರೆ.

ಬೆಂಗಳೂರಿನಲ್ಲಿ ನಡೆದ ಮೂಲ ಸಂಶೋಧನೆ

ಈ ವಿಜ್ಞಾನದ ಒಂದು ಮುಖ್ಯ ಮೆಟ್ಟಿಲು ಕರ್ನಾಟಕಕ್ಕೆ ಸಂಬಂಧಿಸಿದ್ದು ಎಂಬುದು ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿದಿಲ್ಲ. ಡಾ. ಜಿ.ಎನ್. ರಾಮಚಂದ್ರನ್ ಅವರು 1922ರಲ್ಲಿ ಎರ್ನಾಕುಲಂನಲ್ಲಿ ಜನಿಸಿದರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದ ಅವರು, ಅನಂತರ ವಿಭಾಗ ಬದಲಿಸಿ ಸರ್ ಸಿ.ವಿ. ರಾಮನ್ ಅವರ ಬಳಿ ಭೌತಶಾಸ್ತ್ರ ಸಂಶೋಧನೆ ಕೈಗೊಂಡರು. ಮುಂದೆ ಮದ್ರಾಸು ವಿಶ್ವವಿದ್ಯಾಲಯದಲ್ಲಿದ್ದಾಗ ಕೊಲಾಜೆನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆಯನ್ನು ಎಕ್ಸ್ ಕಿರಣಗಳ ನೆರವಿನಿಂದ ವಿವರಿಸಿದರು. 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ಪ್ರಕಟಿಸಿದ ನಕ್ಷೆಯು ರಾಮಚಂದ್ರನ್ ನಕ್ಷೆ ಎಂದೇ ಇಂದಿಗೂ ಬಳಕೆಯಲ್ಲಿದೆ. 1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ಅಣು ಜೀವಭೌತ ವಿಜ್ಞಾನ ಘಟಕವನ್ನು ಸ್ಥಾಪಿಸಿದರು. 2001ರಲ್ಲಿ ಚೆನ್ನೈನಲ್ಲಿ ನಿಧನರಾದರು.

1971ರಲ್ಲಿ ಅವರು ಎ.ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಕೇವಲ ಐದು ಪುಟಗಳ ಒಂದು ಲೇಖನವನ್ನು ಪ್ರಕಟಿಸಿದರು. ನೆರಳುಗಳನ್ನು ಅವು ಬಂದ ದಿಕ್ಕಿನಲ್ಲಿಯೇ ಹಿಂದಕ್ಕೆ ಹರಡಿ ಕೂಡಿಸಿದರೆ ಒಳಗಿನ ಚಿತ್ರವು ಮೂಡುತ್ತದೆಯಾದರೂ ಅದು ಮಸುಕಾಗಿರುತ್ತದೆ. ಮಸುಕನ್ನು ಹೋಗಲಾಡಿಸಲು ಫೂರಿಯರ್ ಪರಿವರ್ತನೆ ಎಂಬ ಗಣಿತವನ್ನು ಬಳಸಬಹುದಿತ್ತು. ಆದರೆ ಅಂದಿನ ಗಣಕಯಂತ್ರಗಳಿಗೆ ಅದು ಭಾರವಾದ ಕೆಲಸವಾಗಿತ್ತು. ಪ್ರತಿಯೊಂದು ನೆರಳನ್ನು ಹಿಂದಕ್ಕೆ ಹರಡುವ ಮೊದಲೇ ನಿರ್ದಿಷ್ಟ ತೂಕಗಳ ಒಂದು ಸಾಲಿನಿಂದ ತಿದ್ದಿಕೊಂಡರೆ, ಪರಿವರ್ತನೆಯ ಗೊಡವೆಯಿಲ್ಲದೆ ಕಡಿಮೆ ಸಮಯದಲ್ಲಿ ಸ್ಪಷ್ಟ ಚಿತ್ರ ದೊರೆಯುತ್ತದೆ ಎಂಬುದನ್ನು ಸದರಿ ಲೇಖನವು ತೋರಿಸಿತು. ಇದೇ ಬಗೆಯ ವಿಧಾನವನ್ನು 1967ರಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬುವರು ರೇಡಿಯೋ ಖಗೋಳ ವಿಜ್ಞಾನದಲ್ಲಿ ಬಳಸಿದ್ದರು ಎಂಬುದನ್ನೂ ಇಲ್ಲಿ ಹೇಳತಕ್ಕದ್ದು. ಆದರೆ ಎಕ್ಸ್-ರೇ ಚಿತ್ರಗಳಿಗೆ ಇದನ್ನು ತಂದ ಕಾರಣಕ್ಕಾಗಿ ಆ ತೂಕಗಳ ಸಾಲಿಗೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ರಾಮ್-ಲಾಕ್ ಫಿಲ್ಟರ್ ಎಂಬ ಹೆಸರು ನಿಂತಿತು. ಇಂದು ಟೊಮೋಗ್ರಫಿಯ ಯಾವ ತಂತ್ರಾಂಶವನ್ನು ತೆರೆದರೂ ಫಿಲ್ಟರುಗಳ ಪಟ್ಟಿಯಲ್ಲಿ ಈ ಹೆಸರು ಸಾಮಾನ್ಯವಾಗಿ ಕಾಣಸಿಗುತ್ತದೆ.

ಅದೇ ವರ್ಷ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ನಡೆಯಿತು. 1979ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯು ಹೌನ್ಸ್‌ಫೀಲ್ಡ್ ಹಾಗೂ ಅಲನ್ ಕಾರ್ಮ್ಯಾಕ್ ಅವರಿಗೆ ಸಂದಿತು. ಬೆಂಗಳೂರಿನ ಲೇಖಕರ ಬಳಿ ಯಾವ ಸ್ಕ್ಯಾನರೂ ಇರಲಿಲ್ಲ. ದುಬಾರಿ ಯಂತ್ರವಿಲ್ಲದ ಊರಿನ ವಿದ್ಯಾರ್ಥಿಗಳು ಈ ಅಂಶವನ್ನು ಗಮನಿಸಬಹುದು.

ಈ ಭಾಗಕ್ಕೆ ಸಂಬಂಧಿಸಿದ ವಿಷಯಗಳು

ಸಿಮೆಂಟ್ ಮತ್ತು ಸುಣ್ಣಕಲ್ಲಿನೊಳಗಿನ ಸೂಕ್ಷ್ಮ ರಂಧ್ರಗಳನ್ನು ಅಳೆಯಲು ಮೈಕ್ರೋ ಟೊಮೋಗ್ರಫಿಯನ್ನು ಬಳಸಲಾಗುತ್ತಿದ್ದು, ಸೇಡಂ, ವಾಡಿ, ಶಹಾಬಾದ್ ಸುತ್ತಲಿನ ಜಿಲ್ಲೆಗೆ ಇದು ದೂರದ ವಿಷಯವಲ್ಲ. ಕಾಳಿನೊಳಗಿನ ಹುಳುವನ್ನು ಕಾಳು ಒಡೆಯದೆ ಪತ್ತೆ ಹಚ್ಚುವುದು, ಹಣ್ಣಿನ ಒಳಗಿನ ಕೊಳೆತವನ್ನು ಸಿಪ್ಪೆ ಸುಲಿಯದೆ ನೋಡುವುದು ಸಹ ಇದೇ ವಿಧಾನದ ಉಪಯೋಗಗಳಾಗಿವೆ. ಭೌಗೋಳಿಕ ಸೂಚಿಕೆ ಪಡೆದಿರುವ ಗುಲ್ಬರ್ಗಾ ತೊಗರಿ ಬೇಳೆ ಹಾಗೂ ಕಮಲಾಪುರದ ಕೆಂಪು ಬಾಳೆ ಎರಡೂ ಇಂತಹ ಅಧ್ಯಯನಕ್ಕೆ ಯೋಗ್ಯವಾದ ವಸ್ತುಗಳು. ಸಂಶೋಧನಾ ಪ್ರಸ್ತಾವನೆ ಬರೆಯುವ ವಿದ್ಯಾರ್ಥಿಯು ಪರದೇಶದ ವಿಷಯವನ್ನೇ ಹುಡುಕಬೇಕಾಗಿಲ್ಲ.

ದತ್ತಾಂಶದ ಪ್ರಮಾಣವನ್ನೂ ಅರಿತಿರುವುದು ಒಳ್ಳೆಯದು. ಉದ್ದ, ಅಗಲ, ಎತ್ತರ ಮೂರರಲ್ಲಿಯೂ 2000 ಬಿಂದುಗಳಿರುವ ಒಂದು ಸ್ಕ್ಯಾನಿನಲ್ಲಿ 800 ಕೋಟಿ ಘನಬಿಂದುಗಳಿರುತ್ತವೆ. ಪ್ರತಿ ಬಿಂದುವಿಗೆ ಎರಡು ಬೈಟ್‌ನಂತೆ ಒಂದೇ ಮಾದರಿಗೆ 16 ಗಿಗಾಬೈಟ್ ಬೇಕಾಗುತ್ತದೆ. ಈ ರಾಶಿಯಲ್ಲಿ ರಂಧ್ರ ಯಾವುದು, ಕಲ್ಲು ಯಾವುದು ಎಂದು ಬೇರ್ಪಡಿಸಿ ಅಳೆಯುವುದೇ ದತ್ತಾಂಶ ವಿಶ್ಲೇಷಕರ ಕೆಲಸ. ಪೈಥಾನ್ ಭಾಷೆ, ರೇಖೀಯ ಬೀಜಗಣಿತ ಮತ್ತು ಸಂಖ್ಯಾಶಾಸ್ತ್ರ ಇದಕ್ಕೆ ಅಗತ್ಯ. ಟೋಮೋಪೈ, ಆಸ್ಟ್ರಾ ಮುಂತಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ.

ವ್ಯಾಸಂಗ

1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು 2009ರಲ್ಲಿ ಸ್ಥಾಪನೆಯಾದ, ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿದೆ. ಎಂಜಿನಿಯರಿಂಗ್ ಆಯ್ಕೆ ಮಾಡುವವರಿಗೆ ನಗರದಲ್ಲಿ 1958ರಿಂದ ಪಿ.ಡಿ.ಎ. ಕಾಲೇಜು ಇದೆ. ಅನಂತರ ಪಿಎಚ್.ಡಿ.ಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಉಪಕರಣ ಮತ್ತು ಅನ್ವಯಿಕ ಭೌತಶಾಸ್ತ್ರ ವಿಭಾಗ ಅಥವಾ ಗಣಕ ಮತ್ತು ದತ್ತಾಂಶ ವಿಜ್ಞಾನ ವಿಭಾಗ, ಐ.ಐ.ಟಿ.ಗಳು ಹಾಗೂ ಅಣುಶಕ್ತಿ ಇಲಾಖೆಯ ಸಂಸ್ಥೆಗಳನ್ನು ಪರಿಗಣಿಸಬಹುದು. ಇಂದೋರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ ಎಕ್ಸ್-ರೇ ಚಿತ್ರಣಕ್ಕೆಂದೇ ಪ್ರತ್ಯೇಕ ಕಿರಣಮಾರ್ಗವಿದೆ. ತುಮಕೂರಿನಲ್ಲಿ ಜನಿಸಿದ ಕನ್ನಡಿಗ ವಿಜ್ಞಾನಿಯ ಹೆಸರನ್ನು ಆ ಕೇಂದ್ರಕ್ಕೆ ಇಡಲಾಗಿದೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರ ನಿರ್ವಹಿಸುವ ತಂತ್ರಜ್ಞರ ಕೋರ್ಸುಗಳು ಬೇರೆ, ಸಂಶೋಧನಾ ಮಾರ್ಗ ಬೇರೆ ಎಂಬುದನ್ನು ಪೋಷಕರು ಗಮನಿಸತಕ್ಕದ್ದು. ವೈದ್ಯಕೀಯ ಭೌತವಿಜ್ಞಾನಿಯಾಗಲು ಎಂ.ಎಸ್ಸಿ. ನಂತರ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ವಿಕಿರಣ ಭೌತಶಾಸ್ತ್ರ ಡಿಪ್ಲೊಮಾ ಒಂದು ಅಂಗೀಕೃತ ಮಾರ್ಗವಾಗಿದೆ.

ಪ್ರಮಾಣ ಪತ್ರಗಳು

ಅರ್ಹತೆಯಿದ್ದೂ ಸೀಟು ತಪ್ಪುವುದು ಬಹುಪಾಲು ಇಲ್ಲಿಯೇ. ಆದುದರಿಂದ ಅಭ್ಯರ್ಥಿಗಳು ಈ ಭಾಗವನ್ನು ನಿಧಾನವಾಗಿ ಓದಿಕೊಳ್ಳಲು ಕೋರಲಾಗಿದೆ.

ಸಂವಿಧಾನದ 371(ಜೆ) ಅನುಚ್ಛೇದದ ಮೇರೆಗೆ ಕಲ್ಯಾಣ ಕರ್ನಾಟಕ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ಪ್ರದೇಶದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸ್ಥಾನಗಳನ್ನು ಸ್ಥಳೀಯರಿಗೆ ಮೀಸಲಿಡಲಾಗಿದೆ. ಇದಕ್ಕೆ ಸಂಬಂಧಪಟ್ಟ ಉಪವಿಭಾಗದ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣ ಪತ್ರ ಕಡ್ಡಾಯ. ತಹಶೀಲ್ದಾರರು ನೀಡುವ ವಾಸಸ್ಥಳ ದೃಢೀಕರಣವು ಇದಕ್ಕೆ ಬದಲಿಯಾಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ಐ.ಐ.ಟಿ. ಮುಂತಾದ ಕೇಂದ್ರ ಸಂಸ್ಥೆಗಳ ಪ್ರವೇಶಕ್ಕೆ ಈ ಮೀಸಲಾತಿ ಅನ್ವಯವಾಗುವುದಿಲ್ಲ.

ಕಮಲಾಪುರದ ಅಭ್ಯರ್ಥಿಗಳಿಗೆ ಒಂದು ವಿಶೇಷ ತೊಡಕು ಇದೆ. ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರವು ಮೊದಲು ಕಲಬುರಗಿ ತಾಲೂಕಿಗೆ ಸೇರಿದ್ದು, 2018ರಲ್ಲಿ ಪ್ರತ್ಯೇಕ ತಾಲೂಕಾಗಿ ಅಸ್ತಿತ್ವಕ್ಕೆ ಬಂದಿತು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗಾದಿಂದ ಕಲಬುರಗಿ ಎಂದೂ, ಪ್ರದೇಶದ ಹೆಸರು 2019ರಲ್ಲಿ ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕ ಎಂದೂ ಬದಲಾದವು. ಹೀಗಾಗಿ ಒಬ್ಬನೇ ವಿದ್ಯಾರ್ಥಿಯ ಜನನ ಪತ್ರದಲ್ಲಿ ತಾಲೂಕು ಗುಲ್ಬರ್ಗಾ ಎಂದೂ, ಅಂಕಪಟ್ಟಿಯಲ್ಲಿ ಕಲಬುರಗಿ ಎಂದೂ, ಆಧಾರ್‌ನಲ್ಲಿ ಕಮಲಾಪುರ ಎಂದೂ ಇರುವುದು ಸಾಮಾನ್ಯ. ಹೆಸರು ಬದಲಾದ ಮಾತ್ರಕ್ಕೆ ಹಳೆಯ ದಾಖಲೆಗಳು ಅಸಿಂಧುವಾಗುವುದಿಲ್ಲ. ಆದರೆ ಬೆಂಗಳೂರು ಅಥವಾ ಮುಂಬೈನ ದಾಖಲೆ ಪರಿಶೀಲಕರಿಗೆ ಈ ಇತಿಹಾಸ ತಿಳಿದಿರಬೇಕೆಂದೇನೂ ಇಲ್ಲ. ಅರ್ಜಿದಾರರು ಗ್ರಾಮದ ಹೆಸರನ್ನು ಎಲ್ಲ ಅರ್ಜಿಗಳಲ್ಲಿಯೂ ಒಂದೇ ಕಾಗುಣಿತದಲ್ಲಿ ಬರೆದು, ಗ್ರಾಮವು ಈಗ ಯಾವ ತಾಲೂಕಿನಲ್ಲಿದೆ ಎಂಬ ಬಗ್ಗೆ ಕಂದಾಯ ಕಚೇರಿಯ ದೃಢೀಕರಣವನ್ನು ಜೊತೆಗಿಟ್ಟುಕೊಳ್ಳುವುದು ಸೂಕ್ತ. ತಂದೆಯ ಹೆಸರಿನಲ್ಲಿ ಅಡ್ಡಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದಲ್ಲಿ ಅದನ್ನು ಪ್ರವೇಶದ ಹಂಗಾಮಿಗೆ ಮೊದಲೇ ಸರಿಪಡಿಸಿಕೊಳ್ಳತಕ್ಕದ್ದು.

ಹಿಂದುಳಿದ ವರ್ಗಗಳ ಅಭ್ಯರ್ಥಿಗಳು ರಾಜ್ಯದ 2ಎ, 3ಎ ಇತ್ಯಾದಿ ಪ್ರವರ್ಗದ ಪತ್ರವನ್ನೇ ಕೇಂದ್ರ ಸಂಸ್ಥೆಗೆ ಸಲ್ಲಿಸಿ ಸಾಮಾನ್ಯ ವರ್ಗಕ್ಕೆ ಸೇರಿಹೋಗುವ ಪ್ರಸಂಗಗಳುಂಟು. ಕೇಂದ್ರದ ಇತರೆ ಹಿಂದುಳಿದ ವರ್ಗ ಪ್ರಮಾಣ ಪತ್ರದ ನಮೂನೆಯೇ ಬೇರೆ. ಅದರಲ್ಲಿ ಕೆನೆಪದರಕ್ಕೆ ಸೇರಿಲ್ಲ ಎಂಬ ದೃಢೀಕರಣವಿರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲವಾದ ಕಾರಣ, ಅರ್ಜಿ ಸಲ್ಲಿಸುವ ಮುನ್ನ ಪಟ್ಟಿಯನ್ನು ನೋಡಿಕೊಳ್ಳಬೇಕು.

ಶಿಷ್ಯವೇತನ

ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯ ಮೂಲಕ ಆಯ್ಕೆಯಾದ ಕಿರಿಯ ಸಂಶೋಧನಾ ಸಹಾಯಕರಿಗೆ 2023ರ ಜನವರಿಯ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ ರೂ. 37,000, ಹಿರಿಯ ಸಹಾಯಕರಾದ ಬಳಿಕ ರೂ. 42,000 ನಿಗದಿಯಾಗಿದ್ದು, ಮನೆ ಬಾಡಿಗೆ ಭತ್ಯೆ ಪ್ರತ್ಯೇಕವಾಗಿರುತ್ತದೆ. ಗೇಟ್ ಪರೀಕ್ಷೆಯ ಅಂಕಗಳಿಗೆ ಮೂರು ವರ್ಷಗಳ ಮಾನ್ಯತೆ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಇತರೆ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ರಾಷ್ಟ್ರೀಯ ಶಿಷ್ಯವೇತನಗಳಿವೆ. ಅಲ್ಪಸಂಖ್ಯಾತರಿಗಾಗಿ ಇದ್ದ ಮೌಲಾನಾ ಆಜಾದ್ ಶಿಷ್ಯವೇತನಕ್ಕೆ ಹೊಸ ಆಯ್ಕೆಯನ್ನು 2022-23ರಿಂದ ಕೇಂದ್ರ ಸರ್ಕಾರವು ನಿಲ್ಲಿಸಿದ್ದು, ಹಳೆಯ ಕೈಪಿಡಿಗಳಲ್ಲಿ ಅದರ ಹೆಸರು ಇನ್ನೂ ಉಳಿದಿದೆ.

ಪ್ರವೇಶದ ದಿನದಿಂದಲೇ ಹಣ ಕೈಸೇರುತ್ತದೆ ಎಂದು ಭಾವಿಸಬಾರದು. ಸೇರ್ಪಡೆ ವರದಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ವಿಭಾಗದ ದೃಢೀಕರಣ ಇವೆಲ್ಲ ಮುಗಿದ ನಂತರ ಬಾಕಿ ಸಹಿತ ಜಮೆಯಾಗುತ್ತದೆ. ಮೊದಲ ಕೆಲವು ತಿಂಗಳ ಊಟ, ವಸತಿಯ ಖರ್ಚನ್ನು ಕುಟುಂಬವು ಮುಂಚಿತವಾಗಿ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಸಾಲ ಮಾಡಬೇಕಾದ ಮನೆಗಳಿಗೆ ಇದು ಸಣ್ಣ ಮಾತಲ್ಲ.

ವಿಕಿರಣ ಸುರಕ್ಷತೆ ಮತ್ತು ರೋಗಿಗಳ ದತ್ತಾಂಶ

ಎಕ್ಸ್-ರೇ ಉಪಕರಣಗಳು ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಒಳಪಟ್ಟಿವೆ. ವಿಕಿರಣದೊಂದಿಗೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿಯಾಗಿರುತ್ತದೆ. ಪ್ರಯೋಗಾಲಯದಲ್ಲಿ ನೀಡುವ ವಿಕಿರಣಮಾಪಕ ಬ್ಯಾಡ್ಜನ್ನು ಧರಿಸದೆ ಒಳಗೆ ಹೋಗಬಾರದು. ಹೆಣ್ಣುಮಕ್ಕಳನ್ನು ಈ ವಿಷಯಕ್ಕೆ ಕಳುಹಿಸಲು ಹಿಂಜರಿಯುವ ಪೋಷಕರು, ದತ್ತಾಂಶ ವಿಶ್ಲೇಷಣೆಯ ಕೆಲಸವು ಪೂರ್ತಿಯಾಗಿ ಗಣಕಯಂತ್ರದ ಮುಂದೆ ನಡೆಯುವುದೆಂಬುದನ್ನು ತಿಳಿದುಕೊಳ್ಳಬಹುದು.

ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳನ್ನು ಸಂಶೋಧನೆಗೆ ಬಳಸಲು ಆಯಾ ಸಂಸ್ಥೆಯ ನೈತಿಕತಾ ಸಮಿತಿಯ ಅನುಮತಿ ಅಗತ್ಯ. ರೋಗಿಯ ಹೆಸರು, ನೋಂದಣಿ ಸಂಖ್ಯೆ ಮುಂತಾದವು ಚಿತ್ರದ ಕಡತದೊಳಗೇ ಅಡಗಿರುವುದರಿಂದ ಅವನ್ನು ತೆಗೆದ ಬಳಿಕವೇ ಪಡೆಯತಕ್ಕದ್ದು. ಪರಿಚಯದ ಸಿಬ್ಬಂದಿಯಿಂದ ಪೆನ್‌ಡ್ರೈವ್‌ನಲ್ಲಿ ಪಡೆದ ಚಿತ್ರಗಳ ಮೇಲೆ ಪ್ರಬಂಧ ಬರೆದಲ್ಲಿ ಅದು ತಿರಸ್ಕೃತವಾಗುವ ಸಂಭವವಿದೆ.

ವಿಳಂಬವಾದಲ್ಲಿ

ಜಾತಿ, ಆದಾಯ ಹಾಗೂ ವಾಸಸ್ಥಳದ ಪ್ರಮಾಣ ಪತ್ರಗಳಿಗೆ ನಾಡಕಚೇರಿಯಲ್ಲಿ ಅಥವಾ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬಹುದು. ಸಕಾಲ ಅಧಿನಿಯಮದ ವ್ಯಾಪ್ತಿಯ ಸೇವೆಗಳಿಗೆ ಸ್ವೀಕೃತಿಯೊಂದಿಗೆ 15 ಅಂಕಿಗಳ ಸಂಖ್ಯೆಯನ್ನು ನೀಡಲಾಗುತ್ತದೆ. ಈ ಸ್ವೀಕೃತಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಸದರಿ ಸಂಖ್ಯೆಯನ್ನು ನಮೂದಿಸಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದಾಗಿದ್ದು, ವಿಳಂಬದ ಪ್ರತಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ಕೋರಲು ಅವಕಾಶವಿದೆ. ಪರಿಹಾರದ ಮೊತ್ತ ಚಿಕ್ಕದಾದರೂ ಮೇಲ್ಮನವಿಯಿಂದ ಅರ್ಜಿಯು ಮೇಲಧಿಕಾರಿಯ ಗಮನಕ್ಕೆ ಬರುತ್ತದೆ. ಪಿಎಚ್.ಡಿ. ಸಂದರ್ಶನದ ದಿನಾಂಕ ಗೊತ್ತಾದ ಮೇಲೆ ಅರ್ಜಿ ಹಾಕುವುದಕ್ಕಿಂತ, ಸ್ನಾತಕೋತ್ತರ ಪದವಿಯ ಅಂತಿಮ ವರ್ಷದ ಆರಂಭದಲ್ಲಿಯೇ ಎಲ್ಲ ಪತ್ರಗಳಿಗೆ ಅರ್ಜಿ ಸಲ್ಲಿಸತಕ್ಕದ್ದು.